ಪ್ರೆಸ್ಸಿನ ಕೆಳಗೆ ಕಬ್ಬಿಣ ಆರದಂತೆ: ಯಾವ ಪ್ರೆಸ್, ಯಾವ ಒಲೆ, ಯಾವ ಡೈ?

ಹಳದಿಗೆ ಕಾದ ತುಂಡನ್ನು ಇಕ್ಕುಳದಲ್ಲಿ ಹಿಡಿದು ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಪ್ರೆಸ್ಸಿಗೆ ಕೊಡುತ್ತೀರಿ. ಒತ್ತುವ ದಂಡ, ಅಂದರೆ ರಾಮ್, ಇಳಿಯುತ್ತದೆ, ಅದರ ತುದಿಯ ಉಕ್ಕಿನ ಅಚ್ಚು, ಅಂದರೆ ಡೈ, ಕಚ್ಚುತ್ತದೆ, ಒಂದೆರಡು ಸೆಕೆಂಡು ಒತ್ತಿ ಮೇಲೇಳುತ್ತದೆ. ತೆಗೆದು ನೋಡಿದರೆ ಡೈ ಕಚ್ಚಿದ ಜಾಗದಲ್ಲಿ ಎರಡು ಬೆರಳಗಲ ಕಪ್ಪು ಪಟ್ಟೆ. ಅದರ ಆಚೆ ಈಚೆ ಇನ್ನೂ ಕಿತ್ತಳೆ ಬಣ್ಣ. ಸ್ವಲ್ಪ ಹೊತ್ತಿಗೆ ಒಳಗಿನ ಬಿಸಿ ಮೇಲೆ ಬಂದು ಪಟ್ಟೆ ಮಬ್ಬು ಕೆಂಪಾಗುತ್ತದೆ. ಆದರೆ ಹೋದ ಬಿಸಿ ಹೋಯಿತು. ಎರಡನೇ ಸಲ ಒತ್ತಿದಾಗ ಗೇಜಿನ ಮುಳ್ಳು ಏರುತ್ತದೆ, ಕಬ್ಬಿಣ ಮಾತ್ರ ಜಗ್ಗುವುದಿಲ್ಲ.

ಹೊಸದಾಗಿ ಪ್ರೆಸ್ ತಂದವರೆಲ್ಲ ಇಲ್ಲಿ ಬಂದು ನಿಲ್ಲುತ್ತಾರೆ. ಆಮೇಲೆ ಕೇಳುವುದು ಎರಡೇ ಪ್ರಶ್ನೆ. ಇನ್ನೂ ದೊಡ್ಡ ಒಲೆ ಬೇಕಾ? ಇನ್ನೂ ಜಾಸ್ತಿ ಟನ್ನಿನ ಪ್ರೆಸ್ ಬೇಕಾ? ಸಣ್ಣ ಶೆಡ್ಡಿನವರಿಗೆ ನಾನು ಹೇಳುವುದು, ಬಹಳ ಸಲ ಎರಡೂ ಬೇಡ. ಬಿಸಿ ಎಲ್ಲಿ ಸೋರುತ್ತಿದೆ ಅಂತ ಮೊದಲು ನೋಡಿ. ದುಡ್ಡು ಅಲ್ಲಿ ಹಾಕಿ.

ನನ್ನದು ನಾಲ್ಕು ಜನರ ಶೆಡ್ಡು. ಗುದ್ದಲಿ, ಪಿಕಾಸಿ, ಕಲ್ಲಿನ ಉಳಿ, ಮಚ್ಚು ಮಾಡುತ್ತೇವೆ. ಕೆಳಗಿನ ಹೋಲಿಕೆ ಈ ಅಳತೆಯ ಕೆಲಸಕ್ಕೆ. ಕ್ರ್ಯಾಂಕ್ ಶಾಫ್ಟ್ ಮಾಡುವ ಕಾರ್ಖಾನೆಯ ಲೆಕ್ಕವೇ ಬೇರೆ.

ಬಿಸಿ ಹೋಗುವ ದಾರಿ

ಒಲೆಯಿಂದ ಹೊರಬಂದ ಕಬ್ಬಿಣ ಎರಡು ದಾರಿಯಲ್ಲಿ ಆರುತ್ತದೆ. ಒಂದು, ಸುತ್ತಲೂ ಝಳ ಸೂಸಿ. ಇನ್ನೊಂದು, ಡೈಗೆ ತಾಗಿ.

ಝಳದ ಸ್ವಭಾವ ವಿಚಿತ್ರ. ಬಿಸಿ ಸ್ವಲ್ಪ ಏರಿದರೆ ಸೋರಿಕೆ ಅದಕ್ಕಿಂತ ಬಹಳ ಜೋರಾಗಿ ಏರುತ್ತದೆ. 900 ಡಿಗ್ರಿಯ ಕಬ್ಬಿಣಕ್ಕಿಂತ 1200 ಡಿಗ್ರಿಯದು ಸುಮಾರು ಎರಡೂವರೆ ಪಟ್ಟು ಝಳ ಬಿಡುತ್ತದೆ. ಹಾಗಾಗಿ ಮೊದಲ ಕೆಲವು ಸೆಕೆಂಡುಗಳೇ ದುಬಾರಿ. 25 ಮಿ.ಮೀ. ಚೌಕದ ಸರಳು ಗಾಳಿಯಲ್ಲಿ ಸುಮ್ನೆ ಹಿಡಿದರೂ 1200ರಿಂದ 900ಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ನಿಮಿಷ ಸಾಕು. 12 ಮಿ.ಮೀ. ಸರಳಿಗೆ ಅರ್ಧ ನಿಮಿಷ. 6 ಮಿ.ಮೀ. ಪಟ್ಟಿಗೂ ಅಷ್ಟೇ. 3 ಮಿ.ಮೀ.ಗೆ ತೆಳುವಾಯಿತೋ, ಹದಿನೈದು ಸೆಕೆಂಡು. ಇದು ಲೆಕ್ಕ ಹಾಕಿದ ಅಂದಾಜು. ಆದರೆ ಕೈಗೆ ಬರುವ ಅನುಭವವೂ ಇದರ ಹತ್ತಿರವೇ ಇದೆ.

ಇಲ್ಲಿ ಒಂದು ಮಾತು. ಕೆಲವರು ಫ್ಯಾನ್ ಹಾಕಿದರೆ ಕಬ್ಬಿಣ ಬೇಗ ಆರುತ್ತದೆ ಅಂತ ಬೇಸಿಗೆಯಲ್ಲೂ ಬೆವರು ಸುರಿಸಿಕೊಂಡು ನಿಲ್ಲುತ್ತಾರೆ. ಇಷ್ಟು ಬಿಸಿಯಲ್ಲಿ ಗಾಳಿ ಒಯ್ಯುವ ಪಾಲು ಬಹಳ ಕಡಿಮೆ. ಗ್ಯಾಸ್ ಒಲೆಯ ಬರ್ನರಿಗೆ ಗಾಳಿ ನೇರ ಬೀಳದಂತೆ ತಿರುಗಿಸಿ, ಫ್ಯಾನ್ ಹಾಕಿಕೊಳ್ಳಿ.

ನಿಜವಾದ ಕಳ್ಳ ಎರಡನೇ ದಾರಿ. ತಣ್ಣಗಿನ ಡೈ ಒತ್ತಿ ಹಿಡಿದಾಗ ತಾಗಿದ ಜಾಗದಿಂದ ಬಿಸಿ ಹೋಗುವ ವೇಗ, ಝಳವಾಗಿ ಹೋಗುವುದಕ್ಕಿಂತ ಹತ್ತಾರು ಪಟ್ಟು. ಮೇಲಿನ ಕಪ್ಪು ಪಟ್ಟೆ ಬಿದ್ದದ್ದು ಇದರಿಂದ. ನಮ್ಮ ಶೆಡ್ಡಿಗೆ ಬರುವ ಹಳೇ ಕಮ್ಮಾರ ಕಾಕಾ ಒಬ್ಬರು ನನ್ನ ಪ್ರೆಸ್ಸನ್ನು ಮೊದಲ ದಿನ ನೋಡಿ ಹೇಳಿದ್ದು ಇಷ್ಟೇ: “ತಮ್ಮಾ, ನೀ ಕಾಯ್ಸಾಕತ್ತಿದ್ದು ಕಬ್ಬಿಣ ಅಲ್ಲೋ, ಡೈ.”

ಪ್ರೆಸ್ಸು: ಟನ್ ಕೇಳಬೇಡಿ, ವೇಗ ಕೇಳಿ

ಡೈ ಎಷ್ಟು ಹೊತ್ತು ತಾಗಿರುತ್ತದೆ ಅನ್ನುವುದರ ಮೇಲೆ ಯಂತ್ರಗಳನ್ನು ಸಾಲಾಗಿ ನಿಲ್ಲಿಸಬಹುದು. ಪವರ್ ಹ್ಯಾಮರ್ (ಮೋಟರಿನಿಂದ ಬಡಿಯುವ ಸುತ್ತಿಗೆ) ಒಂದೇಟು ಹಾಕಿದಾಗ ತಾಗುವುದು ಸೆಕೆಂಡಿನ ಸಾವಿರದ ಕೆಲವೇ ಭಾಗ. ತಿರುಗುವ ಚಕ್ರದ ಬಲದಿಂದ ತಿರುಪು ಇಳಿಸಿ ಒತ್ತುವ ಫ್ರಿಕ್ಷನ್ ಸ್ಕ್ರೂ ಪ್ರೆಸ್ಸಿನಲ್ಲಿ ಸೆಕೆಂಡಿನ ನೂರರ ಕೆಲವು ಭಾಗ. ಹೈಡ್ರಾಲಿಕ್‌ನಲ್ಲಿ ಅರ್ಧ ಸೆಕೆಂಡಿನಿಂದ ಶುರು, ನಮ್ಮಂಥವರ ಸಣ್ಣ ಪ್ರೆಸ್ಸಿನಲ್ಲಿ ಎರಡು ಸೆಕೆಂಡೂ ಆಗುತ್ತದೆ. ಕೈಯಲ್ಲಿ ಪಂಪ್ ಮಾಡುವ ಜಾಕ್ ಪ್ರೆಸ್ಸಿನಲ್ಲಿ ಒಂದು ಸಲ ಹಿಡಿ ಒತ್ತಿದರೆ ಒಂದೆರಡು ಮಿಲಿಮೀಟರ್ ಇಳಿಯುತ್ತದೆ. ಅಷ್ಟರಲ್ಲಿ ಕಬ್ಬಿಣ ಆರಿ ಹೋಗಿರುತ್ತದೆ. ಇದನ್ನು ಬಿಸಿ ಕೆಲಸದ ಪಟ್ಟಿಯಿಂದಲೇ ತೆಗೆದುಬಿಡಿ.

ಹಾಗಾದರೆ ಹೈಡ್ರಾಲಿಕ್ ಯಾಕೆ ತಗೊಳ್ಳಬೇಕು? ಸದ್ದು ಕಡಿಮೆ, ಅಕ್ಕಪಕ್ಕದ ಮನೆಯವರು ಜಗಳಕ್ಕೆ ಬರುವುದಿಲ್ಲ. ನೆಲಕ್ಕೆ ದಪ್ಪ ಫೌಂಡೇಶನ್ ಬೇಡ. ದಪ್ಪ ತುಂಡಿನ ನಡುವಿನವರೆಗೂ ಒತ್ತಡ ಮುಟ್ಟುತ್ತದೆ. ಪದರ ಕೂಡಿಸುವ, ಅಂದರೆ ಉಕ್ಕಿನ ಪಟ್ಟಿಗಳನ್ನು ಕಾಯಿಸಿ ಒಂದೇ ಗಟ್ಟಿಯಾಗಿ ಬೆಸೆಯುವ ಕೆಲಸಕ್ಕಂತೂ ಏಟಿಗಿಂತ ಒತ್ತುವುದೇ ಒಳ್ಳೆಯದು, ಪದರಗಳು ಜಾರುವುದಿಲ್ಲ. ಇಷ್ಟೆಲ್ಲ ಲಾಭಕ್ಕೆ ನೀವು ತೆರುವ ಬೆಲೆ ಆ ತಾಗುವ ಹೊತ್ತು.

ಆ ಬೆಲೆ ಗೊತ್ತಿಲ್ಲದೆ ನಾನು ಮೊದಲು ತಂದದ್ದು 50 ಟನ್ನಿನ ಸೆಕೆಂಡ್ ಹ್ಯಾಂಡ್ ಪ್ರೆಸ್. ಮಾರಿದವರು “ಆನೆ ಬಲ, ಸರ್” ಅಂದಿದ್ದರು. ಬಲ ಆನೆಯದೇ, ನಡಿಗೆ ಮಾತ್ರ ಬಸವನಹುಳುವಿನದು. ಅದು ಬೇರಿಂಗ್ ಕೂರಿಸಲು ಮಾಡಿದ ಪ್ರೆಸ್. 3 ಎಚ್‌ಪಿ ಮೋಟರು, ರಾಮ್ ಇಳಿಯುತ್ತಿದ್ದದ್ದು ಸೆಕೆಂಡಿಗೆ 4 ಮಿ.ಮೀ. ಡೈ ಮತ್ತು ತುಂಡಿನ ನಡುವೆ 20 ಮಿ.ಮೀ. ಸಂದು ಬಿಟ್ಟಿದ್ದರೆ ತಾಗುವುದಕ್ಕೇ ಐದು ಸೆಕೆಂಡು ಬೇಕು. ಆರು ತಿಂಗಳಲ್ಲಿ ಮಾರಿದೆ, ನಷ್ಟಕ್ಕೆ.

ಈಗ ನಾನು ಹಾಕುವ ಲೆಕ್ಕ ಇದು. ಒಳವ್ಯಾಸ (ಬೋರ್) 125 ಮಿ.ಮೀ. ಇರುವ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 123 ಚದರ ಸೆಂ.ಮೀ. 140 ಬಾರ್ ಒತ್ತಡ ಕೊಟ್ಟರೆ 17 ಟನ್ ಸಿಗುತ್ತದೆ. 5 ಎಚ್‌ಪಿ ಮೋಟರು ಆ ಒತ್ತಡದಲ್ಲಿ ನಿಮಿಷಕ್ಕೆ 14 ಲೀಟರಿನಷ್ಟು ಎಣ್ಣೆ ತಳ್ಳಬಲ್ಲದು, ಅಂದರೆ ಸೆಕೆಂಡಿಗೆ 19 ಮಿ.ಮೀ. 10 ಎಚ್‌ಪಿ ಹಾಕಿದರೆ 38 ಮಿ.ಮೀ. ಅದೇ ಮೋಟರಿಗೆ ಸಿಲಿಂಡರ್ ದೊಡ್ಡದು ಮಾಡಿದರೆ ಟನ್ ಏರುತ್ತದೆ, ವೇಗ ಇಳಿಯುತ್ತದೆ. ಎರಡೂ ಬೇಕೆಂದರೆ ಮೋಟರು ದೊಡ್ಡದಾಗಬೇಕು. ನಡುವಿನ ದಾರಿ ಎರಡು ಹಂತದ ಪಂಪು. ಖಾಲಿ ಇಳಿಯುವಾಗ ಜಾಸ್ತಿ ಎಣ್ಣೆ ತಳ್ಳಿ ಬೇಗ ಇಳಿಸುತ್ತದೆ, ಕಚ್ಚಿದ ಮೇಲೆ ಕಡಿಮೆ ಎಣ್ಣೆ, ಹೆಚ್ಚು ಒತ್ತಡ. ನನ್ನ ಈಗಿನ ಪ್ರೆಸ್ಸಿಗೆ ಅದನ್ನೇ ಹಾಕಿಸಿದ್ದೇನೆ. ಹೈಡ್ರಾಲಿಕ್ ಸಾಮಾನು ಬೆಳಗಾವಿಯ ಉದ್ಯಮಬಾಗದಲ್ಲೂ ಬೆಂಗಳೂರಿನ ಪೀಣ್ಯದಲ್ಲೂ ಸಿಗುತ್ತದೆ. ಅಂಗಡಿಯವರು “ಎಷ್ಟು ಟನ್ ಬೇಕು” ಅಂದಾಗ “ಲೋಡಿನಲ್ಲಿ ಸೆಕೆಂಡಿಗೆ ಎಷ್ಟು ಮಿಲಿಮೀಟರ್” ಅಂತ ತಿರುಗಿ ಕೇಳಿ. 20ಕ್ಕಿಂತ ಕಡಿಮೆ ಅಂದರೆ ನಾನಾದರೆ ಬೇಡ ಅಂತೀನಿ.

ಹೆಚ್ಚು ಖರ್ಚಿಲ್ಲದ ಇನ್ನೊಂದು ಉಪಾಯ ಇದೆ. ರಾಮ್ ಪೂರ್ತಿ ಮೇಲೆ ಹೋಗಿ ಬರಬಾರದು. ಲಿಮಿಟ್ ಸ್ವಿಚ್ ಹಾಕಿ, ತುಂಡಿನ ಮೇಲೆ ಒಂದು ಬೆರಳು ಸಂದು ಇರುವಲ್ಲಿ ನಿಲ್ಲಿಸಿ. ಡೈಗಳ ನಡುವೆ ಬೇಕಾದ ದಪ್ಪದ ತಡೆ ತುಂಡು ಇಟ್ಟರೆ ಅಳತೆಗೆ ಬಂದದ್ದು ತಕ್ಷಣ ಗೊತ್ತಾಗುತ್ತದೆ. “ಇನ್ನೊಂಚೂರು” ಅಂತ ಒತ್ತಿ ಹಿಡಿಯುವ ಚಟವೂ ತಪ್ಪುತ್ತದೆ.

ಡೈ: ದೋಸೆ ಕಾವಲಿಯ ಪಾಠ

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುವ ಜಾಗ ಇದೇ. ಆದರೂ ಹೆಚ್ಚು ಜನ ಅಸಡ್ಡೆ ಮಾಡುವುದೂ ಇದನ್ನೇ.

ಬೆಳಿಗ್ಗೆ ಶೆಡ್ ತೆರೆದಾಗ ಡೈ ತಣ್ಣಗಿರುತ್ತದೆ. ಮೊದಲ ಹತ್ತು ತುಂಡು ಹಾಳಾಗುವುದು ಆಗಲೇ. ಮೊದಲ ದೋಸೆ ಹಾಗೇ ಅಲ್ವಾ? ನಾವು ಮಾಡುವುದು ಹೀಗೆ. ಎರಡು ಇಂಚು ದಪ್ಪದ ಒಂದು ಹಳೇ ಕಬ್ಬಿಣದ ಗಟ್ಟಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಮೇಲಿನ ಡೈ ಮತ್ತು ಕೆಳಗಿನ ಡೈ ನಡುವೆ ಇಟ್ಟು, ಎರಡಕ್ಕೂ ತಾಗುವಷ್ಟು ಮಾತ್ರ ರಾಮ್ ಇಳಿಸುತ್ತೇವೆ, ಒತ್ತುವುದಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಕಾಯಿಸಿ ಇನ್ನೊಂದು ಸಲ. ಆಮೇಲೆ ಬೆರಳ ತುದಿಯಿಂದ ನಾಲ್ಕು ಹನಿ ನೀರು ಚಿಮುಕಿಸುತ್ತೇವೆ. ಹನಿ ಅಲ್ಲೇ ಹರಡಿಕೊಂಡು ನಿಧಾನಕ್ಕೆ ಆರಿದರೆ ಸಾಲದು. ಚುಂಯ್ ಅಂದು ಹಾರಿದರೆ ಪರವಾಗಿಲ್ಲ. ಕಾವಲಿಯ ಮೇಲಿನ ಹಾಗೆ ಮಣಿ ಕಟ್ಟಿ ಕುಣಿದರೆ ಡೈ 200 ಡಿಗ್ರಿ ಹತ್ತಿರ ಬಂದಿದೆ ಅಂತ. 150ರಿಂದ 250 ನಮ್ಮ ಕೆಲಸಕ್ಕೆ ಸಾಕು. ನಾಲ್ಕು ಹನಿ ಅಷ್ಟೇ, ಚೊಂಬು ಸುರಿಯಬೇಡಿ.

ಬಿಸಿ ಡೈ ಅಂದರೆ ಇನ್ನೂ ಬಿಸಿ ಮಾಡಿದರೆ ಇನ್ನೂ ಒಳ್ಳೆಯದು ಅಂತಲ್ಲ. ಮೈಲ್ಡ್ ಸ್ಟೀಲಿನ ಡೈ ಜಾಸ್ತಿ ಕಾದರೆ ಅಂಚು ಮಡಚಿ ಅಣಬೆಯಾಗುತ್ತದೆ. ಬಿಸಿ ಕೆಲಸಕ್ಕೆಂದೇ ಇರುವ ಎಚ್‌13 ಉಕ್ಕಿನ ಡೈ ಬಹಳ ತಡೆಯುತ್ತದೆ, ಆದರೆ ಅದಕ್ಕೂ ಹದ ಕೊಟ್ಟ ಬಿಸಿ ಸುಮಾರು 550–600 ಡಿಗ್ರಿ, ಅದರ ಹತ್ತಿರ ಹೋದರೆ ಮೆತ್ತಗಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಡೈ ಬಹಳ ಕಾಯುತ್ತಿದೆ ಅನಿಸಿದರೆ ಟೀ ಕುಡಿಯಲು ಹೋಗಿ. ನೀರು ಸುರಿದು ತಣಿಸಿದರೆ ಮೈಮೇಲೆ ಕೂದಲೆಳೆಯ ಬಿರುಕು ಬೀಳುತ್ತದೆ. ಒಂದು ಒಳ್ಳೆಯ ಡೈಯನ್ನು ನಮ್ಮ ಹುಡುಗ ಹೀಗೇ ಕಳೆದ. ಅವನಿಗೆ ಹೇಳಿಕೊಟ್ಟಿರಲಿಲ್ಲ, ತಪ್ಪು ನನ್ನದೇ.

ಇನ್ನು ಆಕಾರ. ಚಪ್ಪಟೆ ಡೈ ಮತ್ತು ಉಬ್ಬು ಮೈಯ ಕಿರಿದಾದ ಡೈ ಇವೆರಡರ ನಡುವೆ ಆರಿಸಬೇಕಾದರೆ, ಉದ್ದ ಎಳೆಯುವ ಕೆಲಸಕ್ಕೆ ಕಣ್ಣುಮುಚ್ಚಿ ಉಬ್ಬಿನದನ್ನೇ ತಗೊಳ್ಳಿ. ತಾಗುವ ಜಾಗ ಕಡಿಮೆ, ಹಾಗಾಗಿ ಬಿಸಿ ಹೋಗುವುದೂ ಕಡಿಮೆ. ಅದೇ ಟನ್ ಕಿರಿದಾದ ಜಾಗಕ್ಕೆ ಬೀಳುವುದರಿಂದ ಕಬ್ಬಿಣ ಬೆಣ್ಣೆಯ ಹಾಗೆ ಹರಿಯುತ್ತದೆ. 17 ಟನ್ ಪ್ರೆಸ್ಸು ಚಪ್ಪಟೆ ಡೈಯಲ್ಲಿ ಸೋಲುವ ತುಂಡನ್ನು ಉಬ್ಬು ಡೈಯಲ್ಲಿ ಸಲೀಸಾಗಿ ಎಳೆಯುವುದನ್ನು ದಿನಾ ನೋಡುತ್ತೇನೆ. ಚಪ್ಪಟೆ ಡೈ ಕೊನೆಯ ಎರಡು ಒತ್ತಿಗೆ, ಮೈ ಸಮ ಮಾಡಲು ಮಾತ್ರ.

ಡೈಗೂ ತುಂಡಿಗೂ ನಡುವೆ ಏನಾದರೂ ಹೊದಿಸಿದರೆ? ಸಿರಾಮಿಕ್ ಕಾಗದ ಇಟ್ಟು ನೋಡಿದ್ದೇನೆ. ಬಿಸಿ ಉಳಿಯುತ್ತದೆ ನಿಜ, ಆದರೆ ಅದರ ಚೂರು ಮೈಯೊಳಗೆ ಕೂತು ಗುಳಿ ಬೀಳುತ್ತದೆ. ಗ್ರಾಫೈಟ್ ಬಳಿದರೆ ತುಂಡು ಅಂಟುವುದಿಲ್ಲ, ಬಿಸಿ ಉಳಿಸುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಾದ ಕಬ್ಬಿಣದ ಮೇಲೆ ಏಳುವ ಕರಿ ಹಕ್ಕಳೆಯೂ ಒಂದು ಹೊದಿಕೆಯೇ ಅನ್ನಿ, ಆದರೂ ಒತ್ತುವ ಮುಂಚೆ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಒಳಗೆ ಒತ್ತಿಕೊಂಡು ಮೈ ಸಿಡುಬು ಬಿದ್ದಂತಾಗುತ್ತದೆ.

ಡೈಯನ್ನೂ ತುಂಡಿನಷ್ಟೇ ಬಿಸಿ ಇಟ್ಟು ಒತ್ತುವ ವಿದ್ಯೆಯೂ ಇದೆ. ಅದು ವಿಮಾನದ ಕೆಲಸ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಹೈದರಾಬಾದಿನ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ 2000 ಟನ್ನಿನ ಅಂಥ ಪ್ರೆಸ್ಸಿನಲ್ಲಿ ಅಡೋರ್ ಎಂಬ ಜೆಟ್ ಎಂಜಿನ್ನಿನ ಟೈಟಾನಿಯಂ ಕಂಪ್ರೆಸರ್ ಡಿಸ್ಕ್‌ಗಳನ್ನು ತಯಾರಿಸಿತು, ಅವು ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗಕ್ಕೆ ಬಂದವು. 2021ರಲ್ಲಿ ಡಿಆರ್‌ಡಿಒ ಇದನ್ನು ಪ್ರಕಟಿಸಿತು. ಅಲ್ಲಿ ನಿಧಾನವಾಗಿ ಒತ್ತಿದರೂ ನಡೆಯುತ್ತದೆ, ಯಾಕೆಂದರೆ ಬಿಸಿ ಹೋಗಲು ತಣ್ಣಗಿನ ಜಾಗವೇ ಇಲ್ಲ. ನಮಗೆ ಪಿಕಾಸಿ ಮಾಡಲು ಆ ಕಥೆ ಬೇಡ.

ಒಂದು ಎಚ್ಚರಿಕೆ. ಪ್ರೆಸ್ಸಿನಲ್ಲಿ ಇರುವಾಗಲೇ ಪಕ್ಕದಿಂದ ಗ್ಯಾಸ್ ಟಾರ್ಚ್ ಹಿಡಿದು ಕಾಯಿಸುತ್ತಾ ಒತ್ತಿದರೆ ಹೇಗೆ ಅಂತ ಕೇಳುವವರಿದ್ದಾರೆ. ಮಾಡಬೇಡಿ. ಡೈ ಎಳೆಯುವ ಬಿಸಿಯ ಮುಂದೆ ಟಾರ್ಚ್ ಕೊಡುವುದು ಲೆಕ್ಕಕ್ಕಿಲ್ಲ. ಜೊತೆಗೆ ಪಕ್ಕದಲ್ಲೇ ಎಣ್ಣೆಯ ಹೋಸ್ ಇರುತ್ತದೆ. ಅದು ಸೀಳಿ ಎಣ್ಣೆ ತುಂತುರಾಗಿ ಬೆಂಕಿಗೆ ಬಿದ್ದರೆ ಇಡೀ ಶೆಡ್ ಹೊತ್ತಿಕೊಳ್ಳುತ್ತದೆ. ಟಾರ್ಚ್ ಇಲ್ಲದಿದ್ದರೂ ಹೋಸಿಗೂ ಕಾದ ತುಂಡಿಗೂ ನಡುವೆ ಒಂದು ತಗಡಿನ ಮರೆ ಇರಲೇಬೇಕು.

ಒಲೆ: ಕಲ್ಲಿದ್ದಲು, ಗ್ಯಾಸ್, ಇಂಡಕ್ಷನ್

ಕಲ್ಲಿದ್ದಲಿನ ಕುಲುಮೆ ಎಲ್ಲಕ್ಕಿಂತ ಅಗ್ಗ. ಬೇಕಾದ ತುದಿಯನ್ನಷ್ಟೇ ಕಾಯಿಸಲು ಅದಕ್ಕೆ ಸಾಟಿಯಿಲ್ಲ, ಗುದ್ದಲಿಯ ಕಾವು ಕೂರಿಸುವ ತೂತಿನ ಕೆಲಸಕ್ಕೆ ನಾನು ಈಗಲೂ ಅದನ್ನೇ ಹಚ್ಚುತ್ತೇನೆ. ಆದರೆ ಪ್ರೆಸ್ಸಿಗೆ ಬೇಕಾದದ್ದು ಒಳಗಿನವರೆಗೂ ಒಂದೇ ಸಮ ಕಾದ ತುಂಡು. ಕುಲುಮೆಯಲ್ಲಿ ಒಂದು ತುದಿ ಹಳದಿ, ಇನ್ನೊಂದು ತುದಿ ಕೆಂಪು. ಪ್ರೆಸ್ ಮೇಲೆ ಗಮನ ಇಟ್ಟರೆ ಕುಲುಮೆಯೊಳಗಿನ ತುಂಡು ಮತಾಪಿನ ಹಾಗೆ ಕಿಡಿ ಕಾರಿ ಸುಟ್ಟೇ ಹೋಗಿರುತ್ತದೆ. ತಿದಿ ನೋಡಿಕೊಳ್ಳಲು ಒಬ್ಬರು ಬೇರೆ ಇದ್ದರೆ ಸರಿ.

ಪ್ರೆಸ್ ಇರುವ ಸಣ್ಣ ಶೆಡ್ಡಿಗೆ ಗ್ಯಾಸ್ ಒಲೆಯೇ ನನ್ನ ಆಯ್ಕೆ. ಕಾರಣ ಒಂದೇ: ಮೂರು ತುಂಡನ್ನು ಒಟ್ಟಿಗೆ ಒಳಗಿಡಬಹುದು. ಒಂದು ಪ್ರೆಸ್ಸಿನಲ್ಲಿ, ಎರಡು ಕಾಯುತ್ತಾ ಒಳಗೆ. ಆಗ ನೀವು ಆರಿದ ಕಬ್ಬಿಣವನ್ನು ಹಟಕ್ಕೆ ಬಿದ್ದು ಒತ್ತುವುದಿಲ್ಲ, ಅದನ್ನು ಒಳಗೆ ಹಾಕಿ ಕಾದದ್ದನ್ನು ಎಳೆಯುತ್ತೀರಿ. ಬಿಸಿ ಉಳಿಸುವುದು ಅಂದರೆ ಅರ್ಧ ಪಾಲು ಇದೇ. ಒಲೆಯ ಬಾಯಿಗೆ ಬೆಂಕಿ ಇಟ್ಟಿಗೆ ಅಡ್ಡ ಇಟ್ಟು, ತುಂಡು ತೂರುವಷ್ಟೇ ಸಂದು ಬಿಡಿ. ಒಳಗಿನ ಸಿರಾಮಿಕ್ ಬ್ಲಾಂಕೆಟ್ ಮೇಲೆ ಬೆಂಕಿ ತಡೆಯುವ ರಿಫ್ರಾಕ್ಟರಿ ಸಿಮೆಂಟ್ ಬಳಿಯದೆ ಹಚ್ಚಬೇಡಿ, ಅದರ ನಾರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಿಟಕಿ ಬಾಗಿಲು ತೆರೆದಿರಲಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ. ಮನೆ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ಕಮರ್ಷಿಯಲ್ಲೇ ಬೇಕು. ಎರಡು ಗಂಟೆ ಬಿಡದೆ ಉರಿಸಿದರೆ ಅದರ ಮೈಮೇಲೆ ಇಬ್ಬನಿ ಹೆಪ್ಪುಗಟ್ಟಿ ಒತ್ತಡ ಇಳಿಯುತ್ತದೆ. ಎರಡು ಸಿಲಿಂಡರನ್ನು ಸರಿಯಾದ ಮ್ಯಾನಿಫೋಲ್ಡ್ (ಜೋಡಣೆ ಕೊಳವೆ) ಹಾಕಿಸಿ ಜೋಡಿಸಿದರೆ ಆ ಕಾಟ ತಪ್ಪುತ್ತದೆ. ಬಿಸಿನೀರು ಹೊಯ್ಯುವ, ಬೆಂಕಿ ತೋರಿಸುವ ಸಾಹಸ ಬೇಡ.

ಇಂಡಕ್ಷನ್, ಅಂದರೆ ತಾಮ್ರದ ಸುರುಳಿಯಲ್ಲಿ (ಕಾಯಿಲ್) ಕರೆಂಟು ಹರಿಸಿ ಬೆಂಕಿಯಿಲ್ಲದೆ ಕಾಯಿಸುವುದು, ನೋಡಲು ಜಾದೂ. 15 ಕಿಲೋವಾಟಿನ ಯಂತ್ರ 20 ಮಿ.ಮೀ. ದಪ್ಪ, ಒಂದು ಗೇಣಿಗಿಂತ ಚಿಕ್ಕ ಸರಳನ್ನು ಅರ್ಧ ನಿಮಿಷದ ಆಚೀಚೆ ಹಳದಿ ಮಾಡುತ್ತದೆ. ಹಕ್ಕಳೆ ಕಡಿಮೆ, ಹೊಗೆಯಿಲ್ಲ, ಶೆಡ್ ಕಾಯುವುದಿಲ್ಲ. ಒಂದೇ ಅಳತೆಯ ನೂರಾರು ಉಳಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮಂಥ ಬೆರಕೆ ಕೆಲಸಕ್ಕೆ ತೊಡಕು ಎರಡು. ಒಂದು ಸಲ ಒತ್ತಿದ ಮೇಲೆ ತುಂಡು ಅಗಲವಾಗುತ್ತದೆ, ಕಾಯಿಲೊಳಗೆ ಮತ್ತೆ ತೂರುವುದಿಲ್ಲ. ಪ್ರತಿ ಆಕಾರಕ್ಕೂ ಬೇರೆ ಕಾಯಿಲ್ ಬೇಕು. ಎರಡನೆಯದು, ಬಿಸಿ ಹುಟ್ಟುವುದು ಹೊರಮೈಯ ಕೆಲವೇ ಮಿಲಿಮೀಟರ್ ಆಳದಲ್ಲಿ. ಅವಸರ ಮಾಡಿದರೆ ಮೇಲೆ ಹಳದಿ, ಒಳಗೆ ಕೆಂಪು. ಅಂಥ ತುಂಡು ಡೈ ತಾಗಿದ ಕೂಡಲೇ ಆರುತ್ತದೆ, ಒಳಗಿನಿಂದ ಮೇಲೆ ಬರಲು ಬಿಸಿಯೇ ಇರುವುದಿಲ್ಲ. ಪವರ್ ತಗ್ಗಿಸಿ ಕೆಲವು ಸೆಕೆಂಡು ಕಾಯಿಲಿನಲ್ಲೇ ಬಿಡಬೇಕು. ಕಾಯಿಲ್ ತಣಿಸುವ ನೀರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಸುಣ್ಣ ಕಟ್ಟಿ ತಾಮ್ರದ ಕೊಳವೆ ಮುಚ್ಚಿಹೋಗುತ್ತದೆ. ತ್ರೀ ಫೇಸ್ ಮತ್ತು ಮಂಜೂರಾದ ಲೋಡ್ ಎಷ್ಟಿದೆ ಅನ್ನುವುದನ್ನು ಯಂತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಎಣ್ಣೆ ಒಲೆ ದೊಡ್ಡ ಲೋಡಿಗೆ. ದಿನಕ್ಕೆ ಕ್ವಿಂಟಲ್‌ಗಟ್ಟಲೆ ಕಾಯಿಸದವರು ಅದರ ಹೊಗೆ, ಸದ್ದು ಸಹಿಸುವ ಅಗತ್ಯವಿಲ್ಲ.

ನಿಮ್ಮ ಕೆಲಸಕ್ಕೆ ಯಾವುದು

ಒಲೆ ಯಾವುದಾದರೂ ಸರಿ, ಅದರ ಬಾಯಿಯಿಂದ ಡೈಗೆ ಒಂದೇ ಹೆಜ್ಜೆ ಇರಬೇಕು. ಮೂರು ಸೆಕೆಂಡು ನಡೆದರೆ 1200 ಡಿಗ್ರಿಯ 25 ಮಿ.ಮೀ. ಸರಳು ಸುಮಾರು 20 ಡಿಗ್ರಿ ಕಳೆದುಕೊಳ್ಳುತ್ತದೆ, 6 ಮಿ.ಮೀ. ಪಟ್ಟಿ 40ಕ್ಕೂ ಮೇಲೆ. ನಾನು ಹಳೇ ಶೆಡ್ಡಿನಲ್ಲಿ ಒಲೆಯನ್ನು ಕಿಟಕಿ ಹತ್ತಿರ, ಪ್ರೆಸ್ಸನ್ನು ಮೀಟರ್ ಬೋರ್ಡ್ ಹತ್ತಿರ ಇಟ್ಟಿದ್ದೆ. ವೈರ್ ಉಳಿಸಿದೆ, ಗ್ಯಾಸ್ ಕಳೆದೆ.

ಪಿಕಾಸಿ, ಹಾರೆ, ಸುತ್ತಿಗೆ ತಲೆಯಂಥ ದಪ್ಪ ಕೆಲಸ ನಿಮ್ಮದಾದರೆ ಹೈಡ್ರಾಲಿಕ್ ಪ್ರೆಸ್, ಗ್ಯಾಸ್ ಒಲೆ, ಉಬ್ಬು ಡೈ. ಒಂದು ಸಲ ಕಾಯಿಸಿದ್ದಕ್ಕೆ ಮೂರ್ನಾಲ್ಕು ಒತ್ತು ಸಿಗುತ್ತದೆ. ಪ್ರತಿ ಒತ್ತಿಗೂ ತುಂಡನ್ನು ಮುಂದೆ ಸರಿಸಿ, ಒಂದೇ ಜಾಗದಲ್ಲಿ ಎರಡು ಸಲ ಕಚ್ಚಿಸಬೇಡಿ.

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವವರ ಕಥೆ ಬೇರೆ. ಪಟ್ಟಿ 8–12 ಮಿ.ಮೀ. ಇರುವ ತನಕ ಪ್ರೆಸ್ ಚೆನ್ನಾಗಿ ಕೆಲಸ ಮಾಡುತ್ತದೆ. 5 ಮಿ.ಮೀ.ಗೆ ಇಳಿದ ಮೇಲೆ ಪ್ರೆಸ್ಸಿನಿಂದ ತೆಗೆದುಬಿಡಿ. ಎರಡೂ ಕಡೆಯಿಂದ ಡೈ ಬಿಸಿ ಹೀರುತ್ತದೆ, ನಡುವೆ ಉಳಿಯಲು ಏನೂ ಇರುವುದಿಲ್ಲ. ಅಲ್ಲಿಂದ ಮುಂದೆ ಪವರ್ ಹ್ಯಾಮರ್, ಅದಿಲ್ಲದಿದ್ದರೆ ಅಡಿಗಲ್ಲು ಮತ್ತು ಕೈಸುತ್ತಿಗೆ. ಈ ಉಕ್ಕನ್ನು 1100 ಡಿಗ್ರಿ ಹತ್ತಿರ ಶುರು ಮಾಡಿ 850ರ ಸುಮಾರಿಗೆ ನಿಲ್ಲಿಸಬೇಕು. ಕೆಂಪು ಮಾಸಿದ ಮೇಲೂ ಒತ್ತಿದರೆ ಅಂಚಿನಲ್ಲಿ ಬಿರುಕು ಬರುತ್ತದೆ. ಅದು ಅಲ್ಲಿ ಕಾಣುವುದಿಲ್ಲ, ಹದ ಕೊಡಲು ಎಣ್ಣೆಗೆ ಅದ್ದಿದಾಗ ಟಿಣ್ ಅನ್ನುತ್ತದೆ. ಬಣ್ಣ ನೋಡುವುದಾದರೆ ನೆರಳಲ್ಲಿ ನೋಡಿ. ಬಿಸಿಲಲ್ಲಿ 900 ಡಿಗ್ರಿಯ ಕಬ್ಬಿಣವೂ ಆರಿದ ಹಾಗೆ ಕಾಣುತ್ತದೆ, ಇನ್ನೂ ಕಾಯಿಸಿ ಸುಡುತ್ತೀರಿ. ಅನುಮಾನ ಬಂದರೆ ಅಯಸ್ಕಾಂತ ತಾಗಿಸಿ. ಅದು ಹಿಡಿದರೆ 770ಕ್ಕಿಂತ ಕೆಳಗೆ ಬಂದಾಯಿತು, ಆಗಲೇ ತಡವಾಗಿದೆ.

ಪದರ ಕೂಡಿಸುವವರು ಮಾತ್ರ ಇದನ್ನೆಲ್ಲ ಸ್ವಲ್ಪ ತಿರುಗಿಸಿ ಓದಬೇಕು. ಮೊದಲ ಒತ್ತು ಚಪ್ಪಟೆ ಡೈಯಲ್ಲೇ ಆಗಬೇಕು, ಮೈಯೆಲ್ಲ ಒಟ್ಟಿಗೆ ಕೂಡಲು. ಹಾಗಾಗಿ ಡೈ ಬೆಚ್ಚಗಿರುವುದು ಅಲ್ಲಿ ಇನ್ನೂ ಮುಖ್ಯ. ಬೆಳಗಿನ ಮೊದಲ ಕೆಲಸವಾಗಿ ಅದನ್ನು ಹಿಡಿಯಬೇಡಿ. ನಾಲ್ಕು ಪಿಕಾಸಿ ಒತ್ತಿ ಡೈ ಕಾದ ಮೇಲೆ ಹಿಡಿಯಿರಿ.